ಅಮೆರಿಕ ಕಾಲೇಜ್ ಟೆನಿಸ್‌ಗೆ ಮಗಳನ್ನ ಕಳಿಸಿದ್ವಿ: ರಿಕ್ರೂಟ್‌ಮೆಂಟ್ ಏಜೆನ್ಸಿ ಅನುಭವ, 5ಕ್ಕೆ 3

ಮೊದಲೇ ಹೇಳಿಬಿಡ್ತೀನಿ, ಏಜೆನ್ಸಿ ಹೆಸರು ಹಾಕಲ್ಲ. ಕೊನೇ ಕಂತಿನ ವಿಚಾರ ಇನ್ನೂ ಮಾತುಕತೇಲಿದೆ, ಅದೂ ಅಲ್ದೆ ನಾವು ವಿಚಾರಿಸಿದ ಇನ್ನೆರಡು ಕಡೆನೂ ಪ್ಯಾಕೇಜು, ಮಾತು ಎಲ್ಲಾ ಹೆಚ್ಚುಕಮ್ಮಿ ಇದೇ ಥರ ಇತ್ತು. ಹಾಗಾಗಿ ಹೆಸರಿಗಿಂತ ಇವರು ಏನು ಮಾಡಿಕೊಡ್ತಾರೆ, ಏನು ನಾವೇ ಮಾಡ್ಕೋಬೇಕು ಅನ್ನೋದು ಮುಖ್ಯ. ನಮ್ಮ ಮಗಳು ಈಗ ಅಮೆರಿಕದ ಮಧ್ಯಭಾಗದ ಒಂದು ಸಣ್ಣ ಊರಲ್ಲಿ ಡಿವಿಷನ್ 2, ಅಂದ್ರೆ ಕಾಲೇಜ್ ಆಟದ ಎರಡನೇ ಹಂತದ ಕಾಲೇಜಲ್ಲಿ ಟೆನಿಸ್ ಆಡ್ತಾ ಓದ್ತಿದ್ದಾಳೆ, 2025ರ ಆಗಸ್ಟಲ್ಲಿ ಹೋದ್ಲು. ಸ್ಕಾಲರ್‌ಶಿಪ್ ಸಿಕ್ತು, ಆದ್ರೆ ಪೂರ್ತಿ ಅಲ್ಲ, ಬ್ಯಾಂಕ್ ಲೋನ್ ಮಾಡಿದ್ದೀವಿ. ಅಕಾಡೆಮಿಲಿ ಮಕ್ಕಳನ್ನ ಬಿಟ್ಟು ಬೆಂಚ್ ಮೇಲೆ ಕೂತಿರೋ ಅಪ್ಪ ಅಮ್ಮಂದಿರು ದಿನಾ ಇದನ್ನೇ ಮಾತಾಡ್ತಿರ್ತಾರೆ, ಫೋನ್ ಮಾಡಿ ಕೇಳ್ತಾನೂ ಇರ್ತಾರೆ, ಒಬ್ಬೊಬ್ಬರಿಗೂ ಒಂದೊಂದು ಗಂಟೆ ಹೇಳೋ ಬದಲು ಇಲ್ಲೇ ಪೂರ್ತಿ ಬರೀತಿದ್ದೀನಿ.

ನಾವು ಸೇರಿದ್ದು 2023ರ ಡಿಸೆಂಬರಲ್ಲಿ, ಆಗ ಅವಳು ಫಸ್ಟ್ ಪಿಯುಸಿ. ಎಐಟಿಎ, ಅಂದ್ರೆ ಅಖಿಲ ಭಾರತ ಟೆನಿಸ್ ಸಂಸ್ಥೆಯ, ಅಂಡರ್ 18 ರ‍್ಯಾಂಕಿಂಗ್ ಇತ್ತು, ಯುಟಿಆರ್ 6.8 ಇತ್ತು. ಯುಟಿಆರ್ ಅಂದ್ರೆ ಗೊತ್ತಿಲ್ದೇ ಇರೋರಿಗೆ, 1ರಿಂದ 16.5ರ ತನಕ ಇರೋ ಒಂದು ರೇಟಿಂಗು, ಜಗತ್ತಲ್ಲಿ ಯಾರೇ ಟೆನಿಸ್ ಆಡಿದ್ರೂ ಹುಡುಗ ಹುಡುಗಿ ವಯಸ್ಸು ಅಂತ ಭೇದ ಇಲ್ದೆ ಒಂದೇ ಅಳತೆಲಿ ಅಳೀತಾರೆ. ನಮ್ಮ ರಾಜ್ಯದ ರ‍್ಯಾಂಕಿಂಗ್ ಏನು ಅಂತ ಅಲ್ಲಿನ ಕೋಚ್‌ಗೆ ಅರ್ಥ ಆಗಲ್ಲ, ಮೊದಲು ನೋಡೋದೇ ಈ ನಂಬರ್ರು. ಏಜೆನ್ಸಿಯೋರು ಒಂದು ಹೋಟೆಲ್ ಹಾಲ್‌ನಲ್ಲಿ ಮೀಟಿಂಗ್ ಇಟ್ಟಿದ್ರು, ಪರದೆ ಮೇಲೆ ಮಹೇಶ್ ಭೂಪತಿ, ಸೋಮದೇವ್ ದೇವ್‌ವರ್ಮನ್ ಫೋಟೋ. ಭೂಪತಿ ಮಿಸಿಸಿಪ್ಪಿ ಯೂನಿವರ್ಸಿಟಿಲಿ ಆಡಿ 1995ರಲ್ಲಿ ಎನ್‌ಸಿಎಎ, ಅಂದ್ರೆ ಅಮೆರಿಕದ ಕಾಲೇಜ್ ಆಟದ ಸಂಸ್ಥೆಯ, ಡಬಲ್ಸ್ ಗೆದ್ದಿದ್ದು, ಸೋಮದೇವ್ ವರ್ಜಿನಿಯಾ ಯೂನಿವರ್ಸಿಟಿಗೆ ಆಡಿ 2007, 2008 ಎರಡು ವರ್ಷ ಸತತವಾಗಿ ಸಿಂಗಲ್ಸ್ ಗೆದ್ದಿದ್ದು, ಎಲ್ಲಾ ನಿಜವೇ. ಆದ್ರೆ ಆ ಫೋಟೋ ತೋರಿಸಿ 6.8 ಯುಟಿಆರ್ ಮಗು ಅಪ್ಪ ಅಮ್ಮಂಗೆ ಫುಲ್ ಸ್ಕಾಲರ್‌ಶಿಪ್ ಅಂತ ಹೇಳೋದು ಸರಿ ಅಲ್ಲ. ಫೀಸು 2 ಲಕ್ಷ 40 ಸಾವಿರ, 80 ಸಾವಿರದ ಹಾಗೆ ಮೂರು ಕಂತು. ಅಗ್ರಿಮೆಂಟಲ್ಲಿ 9ನೇ ಪಾಯಿಂಟ್ ಅಂತ ಒಂದಿತ್ತು, ಅದನ್ನ ನಾವು ಆವತ್ತು ಸರಿಯಾಗಿ ಓದ್ಲಿಲ್ಲ, ಆಮೇಲೆ ಅದರ ಬಗ್ಗೆ ಹೇಳ್ತೀನಿ.

ಈ ವ್ಯವಸ್ಥೆ ಹೇಗಿದೆ ಅಂತ ಅವರು ಮೊದಲ ದಿನವೇ ಹೇಳಬೇಕಿತ್ತು, ಹೇಳ್ಲಿಲ್ಲ, ನಾನೇ ರಾತ್ರಿ ಕೂತು ಕಲ್ತೆ. ಎನ್‌ಸಿಎಎ ಅನ್ನೋದು ದೊಡ್ಡ ಸಂಸ್ಥೆ, ಅದರಲ್ಲಿ ಮೂರು ಡಿವಿಷನ್. ಡಿವಿಷನ್ 1 ಮತ್ತು 2ರಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡ್ತಾರೆ, ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಒಂದು ರೂಪಾಯಿನೂ ಕೊಡಲ್ಲ, ಮಾರ್ಕ್ಸ್ ನೋಡಿ ಅಥವಾ ಮನೆ ಆದಾಯ ನೋಡಿ ಕೊಟ್ರೆ ಉಂಟು. ಹಾರ್ವರ್ಡ್, ಪ್ರಿನ್ಸ್‌ಟನ್ ಥರದ ಐವಿ ಲೀಗ್ ಕಾಲೇಜುಗಳು ಡಿವಿಷನ್ 1ರಲ್ಲೇ ಇದ್ರೂ ಆಟದ ಸ್ಕಾಲರ್‌ಶಿಪ್ ಕೊಡಲ್ಲ. ಇದರ ಹೊರಗಡೆ ಎನ್‌ಎಐಎ ಅಂತ ಇನ್ನೊಂದು ಸಂಸ್ಥೆ ಇದೆ, ಹೆಚ್ಚಾಗಿ ಸಣ್ಣ ಕಾಲೇಜುಗಳು, ಅವರೂ ಸ್ಕಾಲರ್‌ಶಿಪ್ ಕೊಡ್ತಾರೆ. ಆಮೇಲೆ ಎರಡು ವರ್ಷದ ಜೂನಿಯರ್ ಕಾಲೇಜುಗಳದ್ದು ಬೇರೆ, ಎನ್‌ಜೆಸಿಎಎ ಅಂತ.

ನಮ್ಮ ಕಡೆ ಎಲ್ಲರಿಗೂ ಡಿವಿಷನ್ 1ರ ಹುಚ್ಚು, ಎನ್‌ಎಐಎ ಅಂದ್ರೆ ಮುಖ ಸಿಂಡರಿಸ್ತಾರೆ. ಮದುರೈ ಹುಡುಗ ದಕ್ಷಿಣೇಶ್ವರ್ ಸುರೇಶ್‌ನ ನೋಡಿ, ಮೊದಲು ಜಾರ್ಜಿಯಾ ಗ್ವಿನೆಟ್ ಅನ್ನೋ ಎನ್‌ಎಐಎ ಕಾಲೇಜಲ್ಲಿ ಆಡ್ದ, ಅಲ್ಲಿಂದ ವೇಕ್ ಫಾರೆಸ್ಟ್ ಯೂನಿವರ್ಸಿಟಿಗೆ ಹೋದ, ಆ ಟೀಮು 2025ರಲ್ಲಿ ಎನ್‌ಸಿಎಎ ಚಾಂಪಿಯನ್ ಆಯ್ತು, ಅದೇ ವರ್ಷ ಸೆಪ್ಟೆಂಬರಲ್ಲಿ ಸ್ವಿಟ್ಜರ್‌ಲ್ಯಾಂಡ್ ಮೇಲೆ ಡೇವಿಸ್ ಕಪ್ ಆಡಿ ಮೊದಲ ಮ್ಯಾಚೇ ಗೆದ್ದ. ಹಾಲ್‌ನಲ್ಲಿ ಎಲ್ಲರ ಫೋಟೋ ತೋರಿಸೋರು ಈ ದಾರಿನೂ ಒಂದಿದೆ ಅಂತ ಮಕ್ಕಳಿಗೆ ಹೇಳಬೇಕು.

ಈಗ ಚೆನ್ನಾಗಿ ಮಾಡಿದ್ದು ಹೇಳ್ತೀನಿ. ವಿಡಿಯೋ. ಇದರಲ್ಲಿ ಅವರಿಗೆ ಪೂರ್ತಿ ಮಾರ್ಕ್ಸ್. ನಾವು ಮುಂಚೆನೇ ಒಂದು ವಿಡಿಯೋ ಮಾಡಿಸಿದ್ವಿ, ಹಾಡು ಹಾಕಿ, ಒಳ್ಳೊಳ್ಳೆ ಶಾಟ್‌ಗಳನ್ನ ಸ್ಲೋ ಮೋಷನ್ ಮಾಡಿ. ಅವರ ಕಡೆ ಟೆನಿಸ್ ಗೊತ್ತಿರೋ ಒಬ್ಬ ಹುಡುಗ ಇದ್ದ, ಅವನೂ ಅಮೆರಿಕಲಿ ಕಾಲೇಜ್ ಟೆನಿಸ್ ಆಡಿ ಬಂದೋನು, ಅದನ್ನ ನೋಡಿ ಆಂಟಿ ಇದನ್ನ ಕೋಚ್‌ಗಳು ಹತ್ತು ಸೆಕೆಂಡ್ ನೋಡಿ ಮುಚ್ಚಿಬಿಡ್ತಾರೆ ಅಂದ. ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಕೋರ್ಟಿಗೆ ಬಂದ, ಬೇಸ್‌ಲೈನ್ ಹಿಂದೆ ಕಬ್ಬಿಣದ ಬೇಲಿ ಮೇಲೆ ಎತ್ತರಕ್ಕೆ ಫೋನ್ ಕಟ್ಟಿ, ಪೂರ್ತಿ ಕೋರ್ಟ್ ಕಾಣೋ ಹಾಗೆ ಇಟ್ಟು, ಐದು ನಿಮಿಷ ಫೋರ್‌ಹ್ಯಾಂಡ್ ಬ್ಯಾಕ್‌ಹ್ಯಾಂಡು, ಎರಡು ನಿಮಿಷ ವಾಲಿ, ಎರಡೂ ಕಡೆಯಿಂದ ಸರ್ವ್, ಆಮೇಲೆ ನಿಲ್ಲಿಸದೆ ಕತ್ತರಿಸದೆ ಒಂದು ಸೆಟ್ ಪೂರ್ತಿ ಆಡಿಸ್ದ. ಆ ಸೆಟ್ಟಲ್ಲಿ ಇವಳು 3-1 ಲೀಡ್ ಇದ್ದು ಸತತ ಮೂರು ಗೇಮ್ ಕಳ್ಕೊಂಡ್ಲು, ನಾನು ಅದನ್ನ ತೆಗೆದುಬಿಡಪ್ಪಾ ಅಂದೆ, ಅವನು ಬೇಡ ಆಂಟಿ ಅದೇ ಇರಲಿ, ಪಾಯಿಂಟ್ ಹೋದ್ಮೇಲೆ ಇವಳು ಹೇಗೆ ನಡ್ಕೊಂಡು ಬರ್ತಾಳೆ, ರಾಕೆಟ್ ಎಸೀತಾಳಾ, ತಲೆ ತಗ್ಗಿಸ್ತಾಳಾ, ಅದನ್ನೇ ಕೋಚ್ ನೋಡೋದು ಅಂದ. ಅವನ ಮಾತು ಸರಿಯಾಗಿತ್ತು. ಈಗಿನ ಕೋಚ್ ಮೊದಲ ಫೋನಲ್ಲೇ ಆ ಮೂರು ಗೇಮ್ ಬಗ್ಗೆನೇ ಕೇಳಿದ್ರು.

ಇನ್ನು ಈಮೇಲ್ ವಿಚಾರ, ಇದರಲ್ಲಿ ನಮಗೆ ನಿಜವಾಗ್ಲೂ ಬೇಜಾರಾಯ್ತು. 140 ಕೋಚ್‌ಗಳಿಗೆ ಪ್ರೊಫೈಲ್ ಕಳಿಸಿದ್ದೀವಿ ಅಂತ ಪ್ರತಿ ತಿಂಗಳು ರಿಪೋರ್ಟ್ ಬರ್ತಿತ್ತು, ಉತ್ತರ ಮಾತ್ರ ನಾಲ್ಕು ತಿಂಗಳಲ್ಲಿ ಐದು, ಅದರಲ್ಲೂ ಮೂರು ಥ್ಯಾಂಕ್ಸ್ ಅಂತ ಅಷ್ಟೇ. ಒಬ್ಬ ಕೋಚ್ ಬರೆದ ಉತ್ತರ ನೋಡಿದ್ಮೇಲೆ ವಿಷಯ ಗೊತ್ತಾಯ್ತು, ನಮ್ಮ ಪತ್ರದಲ್ಲಿ ಅವರ ಕಾಲೇಜ್ ಹೆಸರಿನ ಜಾಗದಲ್ಲಿ ಪಕ್ಕದ ರಾಜ್ಯದ ಬೇರೆ ಕಾಲೇಜ್ ಹೆಸರಿತ್ತಂತೆ. ಮಗಳ ಹೆಸರಲ್ಲಿ ಹೋದ ಪತ್ರ ಅದು! ಅವಳು ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಎಲ್ಲರಿಗೂ ಒಂದೇ ಒಕ್ಕಣೆ, ಕಷ್ಟಪಟ್ಟು ದುಡಿಯೋ ಹುಡುಗಿ, ಕನಸು, ಛಲ ಅಂತ ಅರ್ಧ ಪುಟ, ಯುಟಿಆರ್ ನಂಬರ್ರು ಮಾತ್ರ ಕೊನೇ ಸಾಲಲ್ಲಿ. ದಿನಕ್ಕೆ ನೂರಾರು ಈಮೇಲ್ ಬರೋ ಕೋಚ್ ಅಲ್ಲಿ ತನಕ ಯಾಕೆ ಓದ್ತಾರೆ ಹೇಳಿ.

ಕಾಲದ ಲೆಕ್ಕನೂ ಅವರು ನಮಗೆ ಸರಿಯಾಗಿ ಹೇಳ್ಲಿಲ್ಲ. ಡಿವಿಷನ್ 1 ಟೆನಿಸ್ ಕೋಚ್‌ಗಳು ಮಗುಗೆ ಉತ್ತರ ಬರೆಯೋಕೆ, ಫೋನ್ ಮಾಡೋಕೆ ಅವಕಾಶ ಶುರುವಾಗೋದು ಹತ್ತನೇ ಕ್ಲಾಸ್ ಮುಗಿದ ಮೇಲಿನ ಜೂನ್ 15ರಿಂದ. ಅದಕ್ಕೆ ಮುಂಚೆ ನೀವು ಬರೀಬಹುದು, ಅವರು ಉತ್ತರ ಕೊಡೋ ಹಾಗಿಲ್ಲ, ಉತ್ತರ ಬರ್ಲಿಲ್ಲ ಅಂತ ಮಗು ಅಳೋದೂ ಬೇಡ. ನಮ್ಮ ಮಗಳಿಗೆ ಆ ದಿನ 2023ರ ಜೂನಲ್ಲೇ ಬಂದು ಹೋಗಿತ್ತು, ನಾವು ಇವರ ಹತ್ರ ಹೋಗಿದ್ದು ಡಿಸೆಂಬರಲ್ಲಿ, ಏನೂ ಲೇಟಾಗಿಲ್ಲ ಮೇಡಂ ಅಂದ್ರು. ಡಿವಿಷನ್ 2ಗೆ ಲೇಟಾಗಿರ್ಲಿಲ್ಲ ನಿಜ, ಆದ್ರೆ ದೊಡ್ಡ ಕಾಲೇಜುಗಳಿಗೆ ಆ ಆರು ತಿಂಗಳು ದೊಡ್ಡದು. ಅದರ ಮೇಲೆ ಟ್ರಾನ್ಸ್‌ಫರ್ ಪೋರ್ಟಲ್ ಅಂತ ಬಂದಿದೆ, ಒಂದು ಕಾಲೇಜಲ್ಲಿ ಆಡ್ತಿರೋರು ಇನ್ನೊಂದು ಕಾಲೇಜಿಗೆ ಸುಲಭವಾಗಿ ಹೋಗಬಹುದು, ಹಾಗಾಗಿ ಕೋಚ್‌ಗಳಿಗೆ 17 ವರ್ಷದ ಹೊಸ ಮಗುಗಿಂತ ಎರಡು ವರ್ಷ ಕಾಲೇಜ್ ಟೆನಿಸ್ ಆಡಿ ಪಳಗಿದೋರನ್ನ ತಗೊಳ್ಳೋದು ಸಲೀಸು. ಒಬ್ಬ ಡಿವಿಷನ್ 1 ಕೋಚ್ ಇದನ್ನೇ ನೇರವಾಗಿ ಬರೆದ್ರು, ಈ ವರ್ಷ ನನ್ನ ಎರಡೂ ಜಾಗ ಪೋರ್ಟಲಿಂದಾನೇ ತುಂಬ್ತೀನಿ ಅಂತ. ಹಾಗೆ ನೇರವಾಗಿ ಹೇಳಿದ್ದು ನಮಗೆ ಎಷ್ಟೋ ಉಪಕಾರ ಆಯ್ತು.

2024ರ ಬೇಸಿಗೆ ರಜಲಿ ಮಗಳೇ ಕೂತ್ಲು. ಪ್ರತಿ ಕಾಲೇಜಿನ ಸ್ಪೋರ್ಟ್ಸ್ ವೆಬ್‌ಸೈಟಲ್ಲಿ ಕೋಚ್ ಹೆಸರು, ಈಮೇಲ್ ಎಲ್ಲಾ ಬಹಿರಂಗವಾಗೇ ಇರುತ್ತೆ, ಏಜೆನ್ಸಿ ಹತ್ರ ಇರೋ ಗುಟ್ಟಿನ ಲಿಸ್ಟ್ ಏನಲ್ಲ ಅದು. ಟೀಮಲ್ಲಿ ಯಾರಿದ್ದಾರೆ, ಯಾರು ಫೈನಲ್ ಇಯರ್, ಅವರ ಯುಟಿಆರ್ ಎಷ್ಟು ಅಂತ ಒಂದು ಎಕ್ಸೆಲ್ ಶೀಟ್ ಮಾಡಿದ್ಲು. ಟೀಮಿನ ಆರು ಸಿಂಗಲ್ಸ್ ಆಟಗಾರ್ತಿಯರಲ್ಲಿ ಐದನೇ ಆರನೇ ಜಾಗದಲ್ಲಿ ಆಡೋರ ನಂಬರ್ರು ತನ್ನ ನಂಬರ್ರಿಗೆ ಹತ್ರ ಇದ್ದು, 2025ರಲ್ಲಿ ಇಬ್ಬರಾದ್ರೂ ಓದು ಮುಗಿಸಿ ಹೋಗೋ ಟೀಮುಗಳನ್ನ ಮಾತ್ರ ಆರಿಸಿಕೊಂಡ್ಲು, 31 ಕಾಲೇಜು ಬಂತು. ಒಂದೊಂದಕ್ಕೂ ಬೇರೆ ಬೇರೆ ಪತ್ರ. ಸಬ್ಜೆಕ್ಟ್ ಲೈನಲ್ಲೇ ಹೆಸರು, ಇಂಡಿಯಾ, ಯುಟಿಆರ್, 2025ರಲ್ಲಿ ಸೇರ್ತೀನಿ ಅಂತ, ಒಳಗೆ ಆರೇಳು ಸಾಲು, ವಿಡಿಯೋ ಲಿಂಕು, ಮಾರ್ಕ್ಸು, ಮುಂದೆ ಯಾವ ಟೂರ್ನಮೆಂಟ್ ಆಡ್ತಿದ್ದೀನಿ ಅಂತ. ಎರಡು ವಾರಕ್ಕೆ 11 ಉತ್ತರ ಬಂತು. ಆಮೇಲೆ ಪ್ರತಿ ಟೂರ್ನಮೆಂಟ್ ಆದ್ಮೇಲೂ ಎರಡು ಸಾಲು ಬರೆದು ಕಳಿಸೋಳು, ಸೋತ್ರೂ ಕಳಿಸೋಳು.

ಅಕ್ಟೋಬರಲ್ಲಿ ಈಗಿನ ಕೋಚ್ ಜೊತೆ ಮೊದಲ ವಿಡಿಯೋ ಕಾಲು. ಅವರಿಗೆ ಮಧ್ಯಾಹ್ನ ಒಂದು ಗಂಟೆ, ನಮಗೆ ರಾತ್ರಿ ಹನ್ನೊಂದೂವರೆ. ಏಜೆನ್ಸಿಯೋರು ಉತ್ತರಗಳನ್ನ ಬರೆದು ಕೊಟ್ಟಿದ್ರು, ಎರಡು ಪುಟ, ಇವಳು ಅದನ್ನ ಟೇಬಲ್ ಮೇಲೆ ಮಗುಚಿಟ್ಟು ಕೂತ್ಲು. ನಮ್ಮನೆಯವರು ಫ್ಯಾನ್ ಸದ್ದು ಬರುತ್ತೆ ಅಂತ ಆಫ್ ಮಾಡಿ ಬಾಗಿಲ ಹತ್ರ ನಿಂತಿದ್ರು. ಕೋಚ್ ಕೇಳಿದ್ದು, ಆ ವಿಡಿಯೋಲಿ 3-1 ಇಂದ 3-4 ಆಯ್ತಲ್ಲ, ಆಗ ಏನು ಯೋಚನೆ ಮಾಡ್ತಿದ್ದೆ ಅಂತ. ಇವಳು ಸ್ವಲ್ಪ ಹೊತ್ತು ಸುಮ್ನಿದ್ದು, ನನ್ನ ಸೆಕೆಂಡ್ ಸರ್ವ್ ಅವಳ ಫೋರ್‌ಹ್ಯಾಂಡಿಗೇ ಹೋಗ್ತಿತ್ತು, ಅದು ನನಗೆ ಗೊತ್ತಾಗಿದ್ದೇ ಮೂರನೇ ಗೇಮ್ ಹೋದ್ಮೇಲೆ, ಆಮೇಲೆ ಮೈಗೆ ಸರ್ವ್ ಮಾಡೋಕೆ ಶುರು ಮಾಡಿದೆ ಅಂದ್ಲು. ಅಷ್ಟೇ. ಆ ಎರಡು ಪುಟದಲ್ಲಿ ಈ ಪ್ರಶ್ನೆನೂ ಇರ್ಲಿಲ್ಲ, ಉತ್ತರನೂ ಇರ್ಲಿಲ್ಲ. ಆಮೇಲೆ ಹೋಮ್‌ವರ್ಕ್ ಯಾವಾಗ ಮಾಡ್ತೀಯ, ಬಟ್ಟೆ ಯಾರು ಒಗೀತಾರೆ, ಮನೇಲಿ ಯಾರಿದ್ದಾರೆ ಅಂತೆಲ್ಲಾ ಕೇಳಿದ್ರು, ನಲವತ್ತು ನಿಮಿಷ ಮಾತಾಡಿದ್ರು.

ದಾಖಲೆ ಕೆಲಸದಲ್ಲಿ ಏಜೆನ್ಸಿ ಇಲ್ದಿದ್ರೆ ನಾವು ತುಂಬಾ ಒದ್ದಾಡ್ತಿದ್ವಿ, ಇದನ್ನ ಮನಸ್ಸಿಂದ ಹೇಳ್ತೀನಿ. ಇಂಡಿಯಾನಾಪೊಲಿಸ್‌ನಲ್ಲಿ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್ ಅಂತ ಇದೆ, ಡಿವಿಷನ್ 1 ಅಥವಾ 2ರಲ್ಲಿ ಆಡಬೇಕು ಅಂದ್ರೆ ಅವರು ಓಕೆ ಅನ್ನಬೇಕು. ಒಂಬತ್ತನೇ ಕ್ಲಾಸಿಂದ ಸೆಕೆಂಡ್ ಪಿಯುಸಿ ತನಕ ಪ್ರತಿ ವರ್ಷದ ಮಾರ್ಕ್ಸ್ ಕಾರ್ಡು ಬೇಕು, ಅದರಲ್ಲಿ 16 ಕೋರ್ ಸಬ್ಜೆಕ್ಟ್ ಲೆಕ್ಕ ಹಾಕ್ತಾರೆ, ಇಂಗ್ಲಿಷ್, ಮ್ಯಾಥ್ಸ್, ಸೈನ್ಸು, ಸೋಷಿಯಲ್ ಎಲ್ಲಾ ಸೇರಿ. ಗ್ರೇಡು 4ಕ್ಕೆ ಡಿವಿಷನ್ 1ಗೆ ಕನಿಷ್ಠ 2.3, ಡಿವಿಷನ್ 2ಗೆ 2.2 ಇರಬೇಕು, ಅದು ನಮ್ಮ ಮಕ್ಕಳಿಗೆ ಕಷ್ಟ ಅಲ್ಲ. ನಮಗಿದ್ದ ಭಯ ಸೋಷಿಯಲ್ ಬಗ್ಗೆ, ಇವಳು ಪಿಯುಸಿಲಿ ಪಿಸಿಎಂಬಿ, ಅದರಲ್ಲಿ ಸೋಷಿಯಲ್ ಎಲ್ಲಿಂದ ಬರಬೇಕು. ಒಂಬತ್ತು ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಎರಡು ವರ್ಷಕ್ಕೆ ಲೆಕ್ಕ ಆಗುತ್ತೆ ಅಂತ ಏಜೆನ್ಸಿಯೋರು ಮೊದಲೇ ಹೇಳಿದ್ರು, ಹಾಗೇ ಆಯ್ತು.

ಎಸ್‌ಎಸ್‌ಎಲ್‌ಸಿ, ಪಿಯುಸಿ ಕಾರ್ಡು ಬೋರ್ಡಿಂದ ಬರುತ್ತೆ, ತೊಂದರೆ ಇಲ್ಲ. ಒಂಬತ್ತನೇ ಕ್ಲಾಸಿಂದೇ ಗೋಳು. ಹೈಸ್ಕೂಲಿಗೆ ಹೋದ್ರೆ ಕ್ಲರ್ಕ್ ಅಮ್ಮ, ಏನ್ರೀ ಪಿಯುಸಿ ಓದ್ತಿರೋ ಹುಡುಗಿಗೆ ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಯಾಕ್ರೀ ಅಮೆರಿಕದೋರಿಗೆ ಅಂತ ಕೇಳಿದ್ರು, ಬೀರು ಮೇಲಿಂದ ದೊಡ್ಡ ಲೆಡ್ಜರ್ ಇಳಿಸಿ, ಧೂಳು ಒರೆಸಿ, ಇವಳ ಸಾಲು ಹುಡುಕಿ, ಪಾಪ ಹೊಸದಾಗಿ ಟೈಪ್ ಮಾಡಿಸಿ ಹೆಡ್‌ಮಾಸ್ಟರ್ ಸೀಲ್ ಹಾಕಿಸಿಕೊಟ್ರು. ಮಕ್ಕಳು ಒಂಬತ್ತು ಮುಗಿಸಿದ ದಿನವೇ ಆ ಕಾರ್ಡ್ ಜೋಪಾನ ಮಾಡಿ. ಇನ್ನೊಂದು, ಬಹುಮಾನದ ದುಡ್ಡಿನ ಲೆಕ್ಕ. ಎಐಟಿಎ ವಿಮೆನ್ಸ್ ಟೂರ್ನಮೆಂಟಲ್ಲಿ ಇವಳಿಗೆ ಸ್ವಲ್ಪ ದುಡ್ಡು ಬಂದಿತ್ತು, ಅದನ್ನೂ ಹೇಳಬೇಕು. ಡಿವಿಷನ್ 1 ಟೆನಿಸ್‌ಗೆ ಆಗ ಇದ್ದ ನಿಯಮ ಕಾಲೇಜ್ ಸೇರೋ ಮುಂಚೆ ವರ್ಷಕ್ಕೆ 10,000 ಡಾಲರ್ ತನಕ ಪರವಾಗಿಲ್ಲ ಅಂತ, ನಮ್ಮದು ಅದರ ಹತ್ರಕ್ಕೂ ಇರ್ಲಿಲ್ಲ, ಆದ್ರೂ ಎಂಟ್ರಿ ಫೀಸು, ಟ್ರೈನ್ ಟಿಕೆಟ್ಟು, ರೂಮ್ ಬಿಲ್ಲು ಎಲ್ಲಾ ಜೋಡಿಸಿಟ್ರು. ಪಿಯುಸಿ ಆದ್ಮೇಲೆ ಒಂದೆರಡು ವರ್ಷ ಆಡ್ಕೊಂಡು ಆಮೇಲೆ ಹೋಗ್ತೀನಿ ಅನ್ನೋರು ಹುಷಾರು, ಡಿವಿಷನ್ 1 ಟೆನಿಸಲ್ಲಿ ನಾವು ಹೋಗೋ ಕಾಲಕ್ಕೆ ಆರು ತಿಂಗಳಷ್ಟೇ ವಿನಾಯಿತಿ ಇತ್ತು, ಅದಕ್ಕಿಂತ ಜಾಸ್ತಿ ತಡ ಮಾಡಿ ಟೂರ್ನಮೆಂಟ್ ಆಡಿದ್ರೆ ಆಡೋ ಸೀಸನ್ನೇ ಕಡಿಮೆ ಆಗ್ತಿತ್ತು.

ಈಗ ದುಡ್ಡು. ಏಜೆನ್ಸಿಯೋರು ಫೋನ್ ಮಾಡಿ ಕಂಗ್ರಾಜುಲೇಷನ್ಸ್ ಮೇಡಂ 70 ಪರ್ಸೆಂಟ್ ಸ್ಕಾಲರ್‌ಶಿಪ್ ಅಂದ್ರು, ನಾವು ಮನೇಲಿ ಪಾಯಸ ಮಾಡಿ ದೇವರಿಗಿಟ್ವಿ. ಕಾಲೇಜಿಂದ ಲೆಕ್ಕದ ಹಾಳೆ ಬಂದ್ಮೇಲೆ ನೋಡಿದ್ರೆ, 70 ಪರ್ಸೆಂಟ್ ಬರೀ ಟ್ಯೂಷನ್ ಫೀಸಲ್ಲಿ. ಟ್ಯೂಷನ್ 24,000 ಡಾಲರ್, ರೂಮು ಊಟ 12,000, ಬೇರೆ ಫೀಸು ಹೆಲ್ತ್ ಇನ್ಶೂರೆನ್ಸ್ ಸೇರಿ 3,500, ಪುಸ್ತಕ ಅದೂ ಇದೂ 1,500, ಒಟ್ಟು 41,000. ಟೆನಿಸ್ ಸ್ಕಾಲರ್‌ಶಿಪ್ 17,000. ಅಂದ್ರೆ ಕೈಯಿಂದ ಹೋಗೋದು ವರ್ಷಕ್ಕೆ 24,000 ಡಾಲರ್, ಆಗಿನ ರೇಟಲ್ಲಿ 20 ಲಕ್ಷ ದಾಟುತ್ತೆ. 70 ಅಂತ ಹೇಳಿದ್ದು ಒಟ್ಟು ಖರ್ಚಲ್ಲಿ 41 ಪರ್ಸೆಂಟಷ್ಟೇ ಆಯ್ತು. ನಮ್ಮನೆಯವರು ಆ ಹಾಳೆ ಹಿಡ್ಕೊಂಡು ತುಂಬಾ ಹೊತ್ತು ಮಾತೇ ಆಡ್ಲಿಲ್ಲ.

ಡಿವಿಷನ್ 2ರಲ್ಲಿ ಫುಲ್ ಸ್ಕಾಲರ್‌ಶಿಪ್ ಯಾಕೆ ಅಪರೂಪ ಅಂತ ಮೊದಲೇ ಗೊತ್ತಿದ್ರೆ ಆ ಶಾಕ್ ಆಗ್ತಿರ್ಲಿಲ್ಲ. ಅಲ್ಲಿ ಹುಡುಗಿಯರ ಟೆನಿಸ್ ಟೀಮಿಗೆ ಒಟ್ಟು 6 ಸ್ಕಾಲರ್‌ಶಿಪ್ಪಿನಷ್ಟು ದುಡ್ಡು ಕೊಡಬಹುದು, ಹುಡುಗರಿಗೆ 4.5. ಅದು ಗರಿಷ್ಠ ಮಿತಿ, ಎಷ್ಟೋ ಕಾಲೇಜು ಅಷ್ಟೂ ಕೊಡಲ್ಲ. ಕೋಚ್ ಅದನ್ನ ಎಂಟು ಹತ್ತು ಜನಕ್ಕೆ ಹಂಚಬೇಕು, ಒಬ್ಬರಿಗೆ 80, ಇನ್ನೊಬ್ಬರಿಗೆ 40 ಅಂತ. ಡಿವಿಷನ್ 1ರಲ್ಲಿ ಹುಡುಗಿಯರ ಟೆನಿಸ್‌ಗೆ ಬೇರೆ ಲೆಕ್ಕ ಇತ್ತು, 8 ಜನಕ್ಕೆ ಫುಲ್, ಹುಡುಗರಿಗೆ ಅಲ್ಲೂ 4.5. 1972ರ ಟೈಟಲ್ 9 ಅನ್ನೋ ಕಾನೂನು ಹೆಣ್ಮಕ್ಕಳಿಗೆ ಸಮಾನ ಅವಕಾಶ ಕೊಡಲೇಬೇಕು ಅನ್ನೋದ್ರಿಂದ ಹೀಗಾಗಿದ್ದು, ಅಲ್ಲಿ ಹುಡುಗರ ದುಡ್ಡು ಜಾಸ್ತಿ ಅಮೆರಿಕನ್ ಫುಟ್‌ಬಾಲ್‌ಗೆ ಹೋಗುತ್ತೆ. ಹೆಣ್ಮಕ್ಕಳ ತಂದೆತಾಯಿ ಇದನ್ನ ಗಮನದಲ್ಲಿಡಿ. 2025ರ ಜೂನ್ 6ಕ್ಕೆ, ಕಾಲೇಜ್ ಆಟಗಾರರಿಗೆ ದುಡ್ಡು ಕೊಡೋ ವಿಚಾರವಾಗಿ ನಡೆದ ಹೌಸ್ ಅನ್ನೋ ಕೇಸಿನ ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ ಡಿವಿಷನ್ 1ರಲ್ಲಿ ಅದಕ್ಕೆ ಸೇರಿದ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಮಿತಿ ಹೋಗಿ ಟೀಮಲ್ಲಿ ಎಷ್ಟು ಜನ ಇರಬಹುದು ಅನ್ನೋ ಮಿತಿ ಬಂದಿದೆ, ಟೆನಿಸ್‌ಗೆ 10. ಮೇಲ್ನೋಟಕ್ಕೆ ಸ್ಕಾಲರ್‌ಶಿಪ್ ಜಾಸ್ತಿ ಆದ ಹಾಗೆ ಕಾಣುತ್ತೆ, ಆದ್ರೆ ಈ ಒಪ್ಪಂದದಿಂದ ಬೀಳೋ ಖರ್ಚಿನ ಕಾರಣಕ್ಕೆ ಕೆಲವು ಕಾಲೇಜು ಸಣ್ಣ ಆಟದ ಟೀಮುಗಳನ್ನೇ ಮುಚ್ಚಿವೆ, ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಕಾಲೇಜು ಕೋರ್ಟ್ ಒಪ್ಪಿಗೆಗೂ ಮುಂಚೆ, 2025ರ ಮಾರ್ಚಲ್ಲೇ ಸ್ವಿಮ್ಮಿಂಗ್ ಟೀಮ್ ನಿಲ್ಲಿಸ್ತು. ಹಾಗಾಗಿ ಟೀಮು ನಾಲ್ಕು ವರ್ಷ ಇರುತ್ತಾ ಅಂತ ಕೋಚ್‌ನ ಬಾಯಿಬಿಟ್ಟು ಕೇಳಿ, ಅವರೇನೂ ಬೇಜಾರು ಮಾಡ್ಕೊಳ್ಳಲ್ಲ.

ಉಳಿದ ದುಡ್ಡಿಗೆ ಮಗಳೇ ದಾರಿ ಹುಡುಕಿದ್ಲು. ಎಸ್‌ಎಟಿ ಅಂದ್ರೆ ಅಮೆರಿಕದ ಕಾಲೇಜ್ ಪ್ರವೇಶ ಪರೀಕ್ಷೆ, ಎನ್‌ಸಿಎಎ 2023ರ ಜನವರಿಲೇ ಅದು ಬೇಡ ಅಂದಿದೆ, ಹಾಗಾಗಿ ಎಸ್‌ಎಟಿಗೆ ಟೈಮ್ ಹಾಳು ಮಾಡಬೇಡಿ ಅಂತ ಏಜೆನ್ಸಿಯೋರು ಹೇಳಿದ್ರು. ಆಡೋ ಅರ್ಹತೆಗೆ ಬೇಡ, ಸರಿ, ಆದ್ರೆ ಓದಿನ ಮೇಲೆ ಕೊಡೋ ಮೆರಿಟ್ ಸ್ಕಾಲರ್‌ಶಿಪ್ಪಿಗೆ ಆ ಕಾಲೇಜು ಎಸ್‌ಎಟಿ ನೋಡುತ್ತೆ! ಇವಳು ಹಠ ಮಾಡಿ ಬರೆದಿದ್ಲು, 1600ಕ್ಕೆ 1310 ಬಂದಿತ್ತು. ಕೋಚ್‌ಗೆ ಕೇಳಿದಾಗ ಅಡ್ಮಿಷನ್ ಆಫೀಸಿಗೆ ಬರಿ ಅಂದ್ರು, ಅದಕ್ಕೆ 7,000 ಡಾಲರ್ ಬೇರೆ ಸಿಕ್ತು. ಅಲ್ಲಿಗೆ ನಮ್ಮ ಪಾಲು 17,000ಕ್ಕೆ ಇಳೀತು, ಸುಮಾರು ಹದಿನಾಲ್ಕೂವರೆ ಲಕ್ಷ. ಒಂದು ವರ್ಷಕ್ಕೆ ಆರು ಲಕ್ಷ ಉಳಿಸಿದ್ದು ಏಜೆನ್ಸಿ ಬೇಡ ಅಂದ ಪರೀಕ್ಷೆ. ರೂಮು ಊಟಕ್ಕೂ ಸೇರಿ ಸ್ಕಾಲರ್‌ಶಿಪ್ ಸಿಗೋ ಮಕ್ಕಳು ಇನ್ನೊಂದು ತಿಳ್ಕೊಂಡಿರಿ, ಟ್ಯೂಷನ್ ಭಾಗಕ್ಕೆ ಟ್ಯಾಕ್ಸ್ ಇಲ್ಲ, ಆದ್ರೆ ರೂಮು ಊಟದ ಭಾಗಕ್ಕೆ ವಿದೇಶಿ ವಿದ್ಯಾರ್ಥಿಗಳಿಗೆ 14 ಪರ್ಸೆಂಟ್ ಟ್ಯಾಕ್ಸ್ ಹಿಡೀತಾರೆ. ಭಾರತ ಅಮೆರಿಕ ಟ್ಯಾಕ್ಸ್ ಒಪ್ಪಂದದ ಪ್ರಕಾರ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತೆ, ರಿಟರ್ನ್ ಹಾಕುವಾಗ ಅದನ್ನ ಕೇಳಿ ಪಡ್ಕೊಳ್ಳಿ.

ಈಗ ಆ 9ನೇ ಪಾಯಿಂಟ್. ಮೊದಲ ವರ್ಷ ಸಿಗೋ ಸ್ಕಾಲರ್‌ಶಿಪ್ಪಲ್ಲಿ 10 ಪರ್ಸೆಂಟ್ ಸಕ್ಸಸ್ ಫೀ ಅಂತ ಅದರಲ್ಲಿತ್ತು. ನಮ್ಮ ಲೆಕ್ಕಕ್ಕೆ 1,700 ಡಾಲರ್, ಒಂದೂವರೆ ಲಕ್ಷದ ಹತ್ರ. ದುಡ್ಡಿನ ವಿಚಾರ ಆಮೇಲಿರಲಿ, ಎನ್‌ಸಿಎಎ ನಿಯಮದಲ್ಲಿ ಇದು ನೇರವಾಗಿ ತಪ್ಪು. ಮಗುವಿನ ಪ್ರೊಫೈಲ್ ಕಾಲೇಜುಗಳಿಗೆ ಕಳಿಸೋಕೆ ಏಜೆನ್ಸಿ ಇಟ್ಕೋಬಹುದು, ಅದಕ್ಕೆ ಇಷ್ಟು ಅಂತ ಫಿಕ್ಸ್ ಆದ ಫೀಸು ಕೊಡಬಹುದು, ಆದ್ರೆ ಸ್ಕಾಲರ್‌ಶಿಪ್ ಕೊಡಿಸಿದ್ದಕ್ಕೆ ಅಂತ ಅಥವಾ ಸ್ಕಾಲರ್‌ಶಿಪ್ ಮೊತ್ತದ ಲೆಕ್ಕದಲ್ಲಿ ಫೀಸು ಕೊಟ್ರೆ ಮಗು ಆಡೋ ಅರ್ಹತೆನೇ ಹೋಗಬಹುದು. ಎಲಿಜಿಬಿಲಿಟಿ ಸೆಂಟರ್ ಫಾರ್ಮ್ ತುಂಬುವಾಗ ಏಜೆಂಟ್ ಬಗ್ಗೆ, ರಿಕ್ರೂಟಿಂಗ್ ಸರ್ವೀಸ್ ಬಗ್ಗೆ ಪ್ರಶ್ನೆ ಬಂತು, ಮಗಳು ಅಮ್ಮಾ ಅಗ್ರಿಮೆಂಟ್ ತಗೊಂಡ್ಬಾ ಅಂದ್ಲು, ಇಬ್ಬರೂ ಅಡುಗೆಮನೆ ಕಟ್ಟೆ ಮೇಲಿಟ್ಟು ಓದಿದ್ವಿ, 9ನೇ ಪಾಯಿಂಟ್ ಬಂದಾಗ ನನಗೆ ಕೈ ತಣ್ಣಗಾಯ್ತು. ಹತ್ತು ವರ್ಷ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕರ್ಕೊಂಡು ಹೋಗಿದ್ದು ಒಂದು ಸಾಲಿಂದ ನೀರಲ್ಲಿ ಹೋಮ ಆಗೋದು. ಮಾರನೇ ದಿನವೇ ಹೋಗಿ ಕೂತ್ವಿ. ಮೊದಲು ಎಲ್ಲರೂ ಕೊಡ್ತಾರೆ ಮೇಡಂ ಯಾರಿಗೂ ಏನೂ ಆಗಿಲ್ಲ ಅಂದ್ರು. ನಮ್ಮನೆಯವರು ಹಾಗಾದ್ರೆ ಇದನ್ನೇ ಎನ್‌ಸಿಎಎಗೆ ಬರೆದು ಕೇಳ್ತೀವಿ ಅಂದ್ಮೇಲೆ 9ನೇ ಪಾಯಿಂಟ್ ರದ್ದು ಅಂತ ಲೆಟರ್‌ಹೆಡ್ಡಲ್ಲಿ ಬರೆದು ಸೈನ್ ಮಾಡಿಕೊಟ್ರು. ಕೇಳಿದ ತಕ್ಷಣ ಕೊಟ್ಟಿದ್ರೆ ಇವತ್ತು ನಾಲ್ಕು ಸ್ಟಾರ್ ಕೊಡ್ತಿದ್ದೆ.

ಅವರ ಬ್ರೋಷರಲ್ಲಿ ಹಳೇದಾದ, ದಾರಿ ತಪ್ಪಿಸೋ ವಿಷಯನೂ ಇದೆ. ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಸೈನ್ ಮಾಡೋ ಮಕ್ಕಳ ಫೋಟೋ ಇನ್ನೂ ಹಾಕ್ಕೊಂಡಿದ್ದಾರೆ, ಆ ಪದ್ಧತಿ 2024ರ ಅಕ್ಟೋಬರಲ್ಲೇ ನಿಂತ್ಹೋಯ್ತು, ಈಗ ಕಾಲೇಜಿನ ಜೊತೆ ಸ್ಕಾಲರ್‌ಶಿಪ್ ಒಪ್ಪಂದಕ್ಕೆ ಸೈನ್ ಮಾಡೋದು, ನಮ್ಮ ಮಗಳು ಮಾಡಿದ್ದೂ ಅದೇ. ಆಮೇಲೆ ಎನ್‌ಐಎಲ್‌ನಿಂದ ದುಡಿಯಿರಿ ಅಂತ ದೊಡ್ಡಕ್ಷರದಲ್ಲಿದೆ, ಅಂದ್ರೆ ಜಾಹೀರಾತು ಪ್ರಚಾರ ಮಾಡಿ ದುಡ್ಡು ಮಾಡೋದು. ಅಲ್ಲಿನ ಮಕ್ಕಳಿಗೆ ಅದು ಸರಿ, ಎಫ್1 ಅನ್ನೋ ವಿದ್ಯಾರ್ಥಿ ವೀಸಾದಲ್ಲಿ ಹೋದೋರಿಗೆ ಅನುಮತಿ ಇಲ್ದೆ ಕ್ಯಾಂಪಸ್ ಹೊರಗೆ ಕೆಲಸ ಮಾಡೋ ಹಾಗಿಲ್ಲ, ಅದನ್ನ ನಂಬ್ಕೊಂಡು ಏನಾದ್ರೂ ಮಾಡಿದ್ರೆ ವೀಸಾಗೇ ಕುತ್ತು. ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ತನಕ ಕೆಲಸ ಮಾಡಬಹುದು, ನಮ್ಮವಳು ಲೈಬ್ರರಿಲಿ ಎಂಟು ಗಂಟೆ ಮಾಡ್ತಾಳೆ.

ವೀಸಾ ಕೆಲಸ ಚೆನ್ನಾಗೇ ಮಾಡಿಕೊಟ್ರು. ವೀಸಾಗೆ ಬೇಕಾದ ಐ20 ಅನ್ನೋ ಪತ್ರ ಕಾಲೇಜಿಂದ ಬಂದ್ಮೇಲೆ 350 ಡಾಲರ್ ಸೆವಿಸ್ ಅನ್ನೋ ವಿದೇಶಿ ವಿದ್ಯಾರ್ಥಿ ನೋಂದಣಿ ಫೀಸು, 185 ಡಾಲರ್ ವೀಸಾ ಫೀಸು ಕಟ್ಟಿ ಸ್ಲಾಟ್ ನೋಡ್ತಿರುವಾಗಲೇ 2025ರ ಮೇ ಕೊನೇಲಿ ಅಮೆರಿಕ ಸರ್ಕಾರದೋರು ಹೊಸ ಸ್ಲಾಟ್ ಎಲ್ಲಾ ನಿಲ್ಲಿಸಿಬಿಟ್ರು, ಜೂನ್ ಮಧ್ಯದ ತನಕ ನಮಗೆ ನಿದ್ದೆ ಇಲ್ಲ. ಬೆಂಗಳೂರಲ್ಲಿ ಜನವರಿಲಿ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆ ಆಗಿತ್ತು, ಆದ್ರೆ ವೀಸಾ ಇಂಟರ್‌ವ್ಯೂ ಅಲ್ಲಿ ಇರ್ಲಿಲ್ಲ, ಚೆನ್ನೈಗೇ ಹೋಗಬೇಕಾಯ್ತು. ಏಜೆನ್ಸಿಯ ಒಬ್ಬ ಹುಡುಗಿ ರಾತ್ರಿ ಹಗಲು ಅನ್ನದೆ ಸೈಟ್ ನೋಡ್ತಿದ್ದು ಜುಲೈಗೆ ಸ್ಲಾಟ್ ಹಿಡಿದುಕೊಟ್ಲು, ಆ ಮಗು ಚೆನ್ನಾಗಿರಲಿ.

ಮೂರು ಸ್ಟಾರ್ ಕೊಟ್ಟಿದ್ದು ವಿಡಿಯೋ ಹುಡುಗನಿಗೆ, ಮಾರ್ಕ್ಸ್ ಕಾರ್ಡ್ ಕೆಲಸಕ್ಕೆ, ಆ ಸ್ಲಾಟ್ ಹಿಡಿದ ಹುಡುಗಿಗೆ. ನಿಮ್ಮನೇಲಿ ಇಂಗ್ಲಿಷಲ್ಲಿ ಈಮೇಲ್ ಬರೆಯೋ ಮಗು ಇದ್ದು, ಕಾಗದ ಪತ್ರ ನೋಡ್ಕೊಳ್ಳೋಕೆ ಒಬ್ಬರಿಗೆ ಪುರುಸೊತ್ತಿದ್ರೆ 2 ಲಕ್ಷ 40 ಸಾವಿರ ಕೊಡೋ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಕೊಡೋದೇ ಆದ್ರೆ ಪ್ಯಾಕೇಜ್ ಬೇಡ, ವಿಡಿಯೋಗೆ ಇಷ್ಟು ದಾಖಲೆಗೆ ಇಷ್ಟು ಅಂತ ಬಿಡಿಬಿಡಿಯಾಗಿ ಕೇಳಿ, ಸ್ಕಾಲರ್‌ಶಿಪ್ ಪರ್ಸೆಂಟ್ ಹೇಳಿದ್ರೆ ಯಾವುದರಲ್ಲಿ ಪರ್ಸೆಂಟ್ ಅಂತ ಬರೆಸಿಕೊಳ್ಳಿ. ಮೂರನೇ ಕಂತಲ್ಲಿ ನಾವು 40 ಸಾವಿರ ಕೊಟ್ಟಿದ್ದೀವಿ, ತಪ್ಪು ಹೆಸರಿನ ಈಮೇಲ್‌ಗಳಿಗೆ ಉಳಿದ 40 ಸಾವಿರ ಬಿಡಿ ಅಂತ ಕೇಳಿದ್ದೀವಿ, ಇನ್ನೂ ಉತ್ತರ ಬಂದಿಲ್ಲ.

ಹೋದ ವಾರ ಅಕಾಡೆಮಿಯ ಇನ್ನೊಬ್ಬ ಹುಡುಗನ ತಾಯಿ ಸೈನ್ ಮಾಡೋ ಮುಂಚೆ ತಮ್ಮ ಅಗ್ರಿಮೆಂಟ್ ವಾಟ್ಸಾಪಲ್ಲಿ ಕಳಿಸಿದ್ರು, ಅದೇ ಏಜೆನ್ಸಿ. 9ನೇ ಪಾಯಿಂಟಲ್ಲಿ ಈಗ ಬೇರೆ ಏನೋ ಇದೆ. 10 ಪರ್ಸೆಂಟ್ 11ನೇ ಪಾಯಿಂಟಿಗೆ ಹೋಗಿದೆ, ಸಕ್ಸಸ್ ಫೀ ಬದಲು ಪ್ಲೇಸ್‌ಮೆಂಟ್ ಸರ್ವೀಸ್ ಚಾರ್ಜ್ ಅಂತ ಹೆಸರಿಟ್ಟಿದ್ದಾರೆ.